ಟಿವಿ ಹಿಂದೊಂದು ಪುಟ್ಟ ಕಂಪ್ಯೂಟರ್: ಜೋಯಿಡಾದ ಮಳೆಗಾಲದಲ್ಲಿ ಅದು ನಡೆಯುತ್ತಾ?

(ಈ ವಾರದ ಸಂಚಿಕೆಯ ಬರಹ ರೂಪ)

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯಿಂದ ಬಂದ ಪ್ರಶ್ನೆಗಳಿಗೆ ಇವತ್ತು ಉತ್ತರ. ಪ್ರಶ್ನೆ ಹೆಚ್ಚೂಕಡಿಮೆ ಒಂದೇ. ಟಿವಿ ಹಿಂದೆ ಅಂಗೈ ಅಗಲದ ಕಂಪ್ಯೂಟರ್ ಇಟ್ಟು ಸಿನಿಮಾ, ಹಾಡು, ಮನೆಯವರ ಮದುವೆ ವಿಡಿಯೊ ಎಲ್ಲಾ ಅದರಲ್ಲೇ ನೋಡೋದು ಹೇಗೆ? ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

ಮೊದಲೇ ಒಂದು ಮಾತು. ನಿಮ್ಮ ಮನೇಲಿ ಗಟ್ಟಿ ನೆಟ್ ಇದೆ, ನೀವು ನೋಡೋದು ಬರೀ ಒಟಿಟಿ ಅನ್ನೋದಾದ್ರೆ ಕಂಪ್ಯೂಟರ್ ಬೇಡ, ಟಿವಿಗೆ ಚುಚ್ಚೋ ಒಂದು ಸ್ಟಿಕ್ ಸಾಕು. ಒಟಿಟಿ ಕಂಪನಿಗಳು ಕಳ್ಳಪ್ರತಿ ತಡೆಯೋಕೆ ವಿಡಿಯೊಗೆ ಬೀಗ ಹಾಕಿರ್ತಾರೆ. ಆ ಬೀಗ ಪೂರ್ತಿ ತೆಗೆಯೋ ಅನುಮತಿ ಸ್ಟಿಕ್‌ಗೆ, ಸ್ಮಾರ್ಟ್ ಟಿವಿಗೆ ಇರುತ್ತೆ. ಲಿನಕ್ಸ್ ಹಾಕಿದ ಪುಟ್ಟ ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಇರಲ್ಲ, ಅದಕ್ಕೇ ಅಲ್ಲಿ ಚಿತ್ರ ಮಬ್ಬಾಗಿ ಬರುತ್ತೆ. ಯಾವ ಸೆಟ್ಟಿಂಗ್ ಬದಲಾಯಿಸಿದ್ರೂ ಅದು ಸರಿಹೋಗಲ್ಲ.

ಆದರೆ ನಮ್ಮ ಕಡೆಯ ಲೆಕ್ಕ ಬೇರೆ. ಎಚ್‌ಡಿ ಗುಣಮಟ್ಟದಲ್ಲಿ ಗಂಟೆಗೆ 3 ಜಿಬಿವರೆಗೆ ಡೇಟಾ ಬೇಕು ಅಂತ ನೆಟ್‌ಫ್ಲಿಕ್ಸ್‌ನವರೇ ಹೇಳ್ತಾರೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇಟ್ಕೊಂಡವರಿಗೆ ಇಂಟರ್ವಲ್‌ಗೂ ಸಾಲಲ್ಲ. ಜೋಯಿಡಾ ಕಾಡಿನೊಳಗಿನ ಎಷ್ಟೋ ಹಳ್ಳಿಗಳಲ್ಲಿ ಸಿಗ್ನಲ್ ಹುಡುಕ್ಕೊಂಡು ಗುಡ್ಡ ಹತ್ತಬೇಕು. ಡಿಶ್ ಇದೆಯಲ್ಲ ಅಂದ್ರೆ, ಜೋರು ಮಳೆ ಹೊಡೆದಾಗ ಅದರ ತರಂಗ ಮಳೆಹನಿಯಲ್ಲೇ ಕರಗಿಹೋಗುತ್ತೆ, ಪರದೆ ಮೇಲೆ ‘ಸಿಗ್ನಲ್ ಇಲ್ಲ’. ಮನೆಯಿಂದ ಹೊರಗೆ ಹೋಗೋಕಾಗದ ದಿನಗಳಲ್ಲೇ ಟಿವಿ ಕೂಡ ಮುನಿಸ್ಕೊಳ್ಳುತ್ತೆ! ಪೇಟೆಗೆ ಬಂದಾಗ ಡಿಸ್ಕ್ ತುಂಬಿಸ್ಕೊಂಡು ಹೋಗಿ, ಮನೇಲಿ ನೆಟ್ ಇಲ್ಲದೇ ನೋಡೋದಕ್ಕೆ ಈ ಪೆಟ್ಟಿಗೆ ಹೇಳಿ ಮಾಡಿಸಿದ್ದು. ತುಂಬಿಸೋದು ನಿಮ್ಮದೇ ವಿಡಿಯೊ, ನಿಮ್ಮದೇ ಡಿವಿಡಿ, ಉಚಿತವಾಗಿ ಹಂಚೋಕೆ ಅನುಮತಿ ಇರೋದು ಮಾತ್ರ ಆಗಿರಲಿ. ‘ಎಲ್ಲಾ ಸಿನಿಮಾ ಫ್ರೀ’ ಅನ್ನೋ ಆ್ಯಡ್‌-ಆನ್‌ಗಳ ಬಗ್ಗೆ ನನ್ನನ್ನ ಕೇಳಬೇಡಿ.

ಏನು ತಗೋಬೇಕು? ಎರಡು ದಾರಿ. ಒಂದು ರಾಸ್ಪ್‌ಬೆರಿ ಪೈ, ಅಂದ್ರೆ ಎಟಿಎಂ ಕಾರ್ಡಿನಷ್ಟು ದೊಡ್ಡ ಬೋರ್ಡ್. ನಾಲ್ಕನೇದು 2019ರಲ್ಲಿ ಬಂತು, ಐದನೇದು 2023ರಲ್ಲಿ. ಇನ್ನೊಂದು ಮಿನಿ ಪಿಸಿ. ಇಂಟೆಲ್‌ನ ಎನ್100 ಚಿಪ್ ಇರುವಂಥವು ಈಗ ಎಲ್ಲೆಲ್ಲೂ ಸಿಗ್ತವೆ. ಡಿಸ್ಕಿನಲ್ಲಿರೋದನ್ನ ನೋಡೋಕೆ ಪೈ ಸಾಕು. ಯೂಟ್ಯೂಬ್ ಕೂಡ ಹೆಚ್ಚಾಗಿ ನೋಡ್ತೀರಿ ಅಂದ್ರೆ ಎನ್100 ಮೇಲು, ಯಾಕಂದ್ರೆ ಯೂಟ್ಯೂಬ್ ಈಗ ಬಳಸೋ ಎವಿ1 ಮಾದರಿಯ ವಿಡಿಯೊ ಬಿಡಿಸೋ ಯಂತ್ರಭಾಗ ಅದರ ಚಿಪ್‌ನಲ್ಲೇ ಇದೆ, ಪೈಯಲ್ಲಿ ಇಲ್ಲ. ಬೆಲೆ ಹೇಳಲ್ಲ, ನೀವು ಕೇಳೋ ಹೊತ್ತಿಗೆ ಬದಲಾಗಿರುತ್ತೆ.

ತಂತ್ರಾಂಶ ಕೋಡಿ. 2002ರಲ್ಲಿ ಎಕ್ಸ್‌ಬಾಕ್ಸ್ ಗೇಮ್ ಪೆಟ್ಟಿಗೆಗೆ ಅಂತ ಹುಟ್ಟಿದ್ದು, 2014ರಲ್ಲಿ ಈ ಹೆಸರು ಬಂತು. ಪೂರ್ತಿ ಉಚಿತ. ಪೈಗಾದ್ರೆ ಲಿಬ್ರೆಎಲೆಕ್ ಅನ್ನೋದನ್ನ ಮೆಮೊರಿ ಕಾರ್ಡ್‌ಗೆ ಬರೆದು ಹಾಕಿದ್ರೆ ಆಯ್ತು, ಕೋಡಿ ಅದರೊಳಗೇ ಬರುತ್ತೆ. ನೆಟ್ ಚೆನ್ನಾಗಿರೋ ಕಡೆ ಕೂತು ಇದನ್ನ ಮುಗಿಸ್ಕೊಂಡು ಹೋಗಿ.

ಈಗ ಕಾಯಿಲೆಗಳ ಕಡೆ ಬರೋಣ. ಅರ್ಧಕ್ಕಿಂತ ಹೆಚ್ಚು ಕಾಯಿಲೆಗೆ ಮೂಲ ಕರೆಂಟು.

ನನ್ನ ಸೋದರಮಾವ ಹಳಿಯಾಳದವರು, ಈಗ ಜೋಯಿಡಾ ತಾಲ್ಲೂಕಿನ ಒಂದು ಹಳ್ಳೀಲಿದ್ದಾರೆ. ಅವರ ಹತ್ತಿರ ಒಂದು ಹಳೇ ಪೋರ್ಟಬಲ್ ಹಾರ್ಡ್ ಡಿಸ್ಕ್ ಇದೆ. ಅದರಲ್ಲಿ ನಮ್ಮ ಅಜ್ಜಿ ಬೀಸೋ ಕಲ್ಲಿನ ಮುಂದೆ ಕೂತು ಹಾಡಿದ ಪದಗಳ ವಿಡಿಯೊ ಇದೆ. ಅಜ್ಜಿ ಈಗಿಲ್ಲ. ಪದಗಳನ್ನ ಯಾರೂ ಬರೆದಿಟ್ಟಿಲ್ಲ, ಬೇರೆ ಪ್ರತಿಯೂ ಇರಲಿಲ್ಲ. ಡಿಸ್ಕನ್ನ ಪೈಗೆ ಸಿಕ್ಕಿಸಿದ ದಿನ ಮಾಮಾ ಫೋನ್ ಮಾಡಿದ್ರು: “ತಮ್ಮಾ, ಒಳಗ ಟಕ್ ಟಕ್ ಅನ್ನಾಕತ್ತೈತಿ, ಟಿವ್ಯಾಗ ಏನೂ ಬರವಲ್ದು. ಹೋತೇನ್ ಅದು?”

ಹಾರ್ಡ್ ಡಿಸ್ಕಿನ ಟಕ್ ಟಕ್‌ಗೆ ಎರಡು ಅರ್ಥ. ಒಂದು, ಡಿಸ್ಕ್ ನಿಜಕ್ಕೂ ಸಾಯ್ತಾ ಇದೆ. ಇನ್ನೊಂದು, ಅದಕ್ಕೆ ಸಾಕಷ್ಟು ಕರೆಂಟ್ ಸಿಗದೇ ತಿರುಗೋಕೆ ಹೊರಟು ಹೊರಟು ನಿಲ್ತಾ ಇದೆ. ಪೈ 4ರ ನಾಲ್ಕೂ ಯುಎಸ್‌ಬಿ ಕಿಂಡಿ ಸೇರಿ ಹೊರಗೆ ಕೊಡೋದು 1.2 ಆಂಪಿಯರ್ ಮಾತ್ರ. ಪೈ 5ಕ್ಕೆ ಅದರದ್ದೇ 5 ಆಂಪಿಯರ್ ಅಡಾಪ್ಟರ್ ಹಾಕಿದ್ರೆ 1.6 ಕೊಡುತ್ತೆ, 3 ಆಂಪಿಯರ್‌ದು ಹಾಕಿದ್ರೆ 0.6ಕ್ಕೆ ಇಳಿಸಿಬಿಡುತ್ತೆ. ತಿರುಗೋ ಡಿಸ್ಕ್ ಏಳೋ ಕ್ಷಣದಲ್ಲಿ ಇದಕ್ಕಿಂತ ಹೆಚ್ಚು ಎಳೆಯಬಹುದು. “ಮಾಮಾ, ಈಗಿಂದೀಗ ತೆಗೀರಿ, ಮತ್ತ ಮತ್ತ ಹಚ್ಚಿ ನೋಡಬ್ಯಾಡ್ರಿ” ಅಂದೆ. ನಂತರ ಸ್ವಂತ ಅಡಾಪ್ಟರ್ ಇರೋ ಯುಎಸ್‌ಬಿ ಹಬ್ ತಗೊಂಡು ಹೋಗಿ, ಅದರ ಮೂಲಕ ಸಿಕ್ಕಿಸಿದಾಗ ಡಿಸ್ಕ್ ತಿರುಗಿತು. ಆ ದಿನ ನಾನು ಮಾಡಿದ ಮೊದಲ ಕೆಲಸ ಸಿನಿಮಾ ಹಾಕಿದ್ದಲ್ಲ, ಅಜ್ಜಿಯ ಫೋಲ್ಡರ್ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡಿದ್ದು. ನಿಮ್ಮ ಡಿಸ್ಕ್ ಹಬ್ ಹಾಕಿದ ಮೇಲೂ ಟಕ್ ಅಂದ್ರೆ, ಮತ್ತೆ ಆನ್ ಮಾಡದೇ ಡೇಟಾ ತೆಗೆಯೋರ ಹತ್ತಿರ ಒಯ್ಯಿರಿ.

ಪೈಗೆ ಮೊಬೈಲ್ ಚಾರ್ಜರ್ ಸಿಕ್ಕಿಸೋದು ನಮ್ಮಲ್ಲಿ ಮಾಮೂಲು. ಚಾರ್ಜರ್ ಫೋನ್ ತುಂಬಿಸೋಕೆ ಇರೋದು, ವೋಲ್ಟೇಜ್ ಸ್ವಲ್ಪ ಕುಸಿದ್ರೂ ಫೋನಿಗೆ ಬ್ಯಾಟರಿ ಇದೆ, ತಡ್ಕೊಳ್ಳುತ್ತೆ. ಪೈಗೆ ಬ್ಯಾಟರಿ ಇಲ್ಲ. 4.63 ವೋಲ್ಟ್‌ಗಿಂತ ಕೆಳಗಿಳಿದ ಕೂಡಲೇ ಪರದೆ ಮೂಲೇಲಿ ಹಳದಿ ಮಿಂಚಿನ ಗುರುತು ಬರುತ್ತೆ. ಆ ಗುರುತು ಕಂಡಾಗ ಸಾಫ್ಟ್‌ವೇರ್ ಮುಟ್ಟಬೇಡಿ, ಅಡಾಪ್ಟರ್, ಕೇಬಲ್ ಬದಲಾಯಿಸಿ.

ಸುಪಾ ಅಣೆಕಟ್ಟು ಇರೋದೇ ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ. ಕಾಳಿ ನದಿ ನಾಡಿಗೆಲ್ಲ ಕರೆಂಟ್ ಕೊಡುತ್ತೆ. ಅದರ ದಂಡೆಯ ಹಳ್ಳೀಲಿ ಮರ ಬಿದ್ದು ತಂತಿ ಹರಿದ್ರೆ ಕತ್ತಲೆ. ಹೀಗೆ ದಿಢೀರ್ ಕರೆಂಟ್ ಹೋದಾಗ ಲಿಬ್ರೆಎಲೆಕ್‌ನ ಮೂಲ ಭಾಗಕ್ಕೆ ಏನೂ ಆಗಲ್ಲ, ಅದು ಓದೋಕೆ ಮಾತ್ರ ತೆರೆದಿರುತ್ತೆ. ಏಟು ತಿನ್ನೋದು ಬರೆಯೋ ಭಾಗ: ಸಿನಿಮಾ ಪಟ್ಟಿ, ಸೆಟ್ಟಿಂಗ್, ಆ ಹೊತ್ತಿಗೆ ಕಾಪಿ ಆಗ್ತಿದ್ದ ಫೈಲ್. ಪರಿಹಾರ ಇನ್ವರ್ಟರ್. ಪೈ 7 ವ್ಯಾಟ್ ಒಳಗೆ ಇರುತ್ತೆ, 32 ಇಂಚಿನ ಟಿವಿ ಸುಮಾರು 50 ವ್ಯಾಟ್. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್-ಅವರ್. ಅರ್ಧ ಮಾತ್ರ ಕೈಗೆ ಸಿಗುತ್ತೆ ಅಂದ್ಕೊಂಡ್ರೂ ಇವೆರಡೇ ಇದ್ರೆ 15 ಗಂಟೆ ಓಡ್ತವೆ. ಫ್ಯಾನ್, ಲೈಟ್ ಸೇರಿದ್ರೆ ಅದಕ್ಕೆ ತಕ್ಕಂತೆ ಕಮ್ಮಿ. ಹಳೇ ಡೆಸ್ಕ್‌ಟಾಪ್ ಇಟ್ಟು ಇದೇ ಲೆಕ್ಕ ಹಾಕಿ ನೋಡಿ, ಪುಟ್ಟ ಪೆಟ್ಟಿಗೆ ಯಾಕೆ ಅಂತ ಗೊತ್ತಾಗುತ್ತೆ.

ಮಿನಿ ಪಿಸಿ ಆದ್ರೆ ಬಯೋಸ್‌ನಲ್ಲಿ, ಕರೆಂಟ್ ಬಂದ ಮೇಲೆ ಏನಾಗ್ಬೇಕು ಅನ್ನೋ ಆಯ್ಕೆ ಇರುತ್ತೆ. ‘ತಾನೇ ಆನ್ ಆಗಲಿ’ ಅಂತ ಇಡಿ. ವಯಸ್ಸಾದವರು ಟಿವಿ ಹಿಂದೆ ಕೈ ಹಾಕಿ ಬಟನ್ ಹುಡುಕೋದು ತಪ್ಪುತ್ತೆ.

ಸಿಡಿಲಿನ ವಿಷಯಕ್ಕೆ ಒಂದೇ ಮಾತು: ಪ್ಲಗ್ ಕಿತ್ತರೆ ಸಾಲದು, ಡಿಶ್ ಕೇಬಲ್ ಮತ್ತು ರೂಟರಿನಿಂದ ಬರೋ ಲ್ಯಾನ್ ಕೇಬಲ್ ಕೂಡ ಕಿತ್ತಿಡಿ. ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ, ಟಿವಿಯಿಂದ ಪೆಟ್ಟಿಗೆಗೆ ಸಿಡಿಲಿನ ಏಟು ಎಚ್‌ಡಿಎಂಐ ತಂತಿ ಹಿಡಿದೇ ಬರಬಹುದು.

ಕರೆಂಟ್ ಹೋಗಿ ಬಂದ ಮೇಲೆ ಇನ್ನೊಂದು ವಿಚಿತ್ರ. ನೆಟ್ ಇದೆ, ಆದ್ರೆ ಯೂಟ್ಯೂಬ್, ಹವಾಮಾನ ಯಾವುದೂ ತೆರೆಯಲ್ಲ. ಮೊದಲು ಗಡಿಯಾರ ನೋಡಿ. ಪೈ 4ರಲ್ಲಿ ಬ್ಯಾಟರಿ ಇರೋ ಗಡಿಯಾರವೇ ಇಲ್ಲ, ನೆಟ್‌ನಿಂದಲೇ ಹೊತ್ತು ತಿಳ್ಕೊಳ್ಳುತ್ತೆ. ಸಿಗ್ನಲ್ ತಡವಾಗಿ ಬಂದ್ರೆ ಅದು ಹಳೇ ತಾರೀಕಿನಲ್ಲೇ ಉಳಿಯುತ್ತೆ, ಆಗ ಸುರಕ್ಷಿತ ತಾಣಗಳು ಅದನ್ನ ಒಳಗೆ ಬಿಡಲ್ಲ. ನೆಟ್ ಬಂದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ. ಪೈ 5ರಲ್ಲಿ ಗಡಿಯಾರ ಇದೆ, ಆದ್ರೆ ಅದರ ಬ್ಯಾಟರಿ ಬೇರೆ ತಗೋಬೇಕು.

ಹಳಿಯಾಳದ ಕೇಳುಗರೊಬ್ಬರ ಪ್ರಶ್ನೆ ತುಂಬಾ ಜನರದ್ದು: “ಹಾಡು ಜೋರ್ ಕೇಳಸ್ತಾವ್ರಿ, ಮಾತs ಕೇಳಸಂಗಿಲ್ಲ.” ಟಿವಿ ಕೆಟ್ಟಿಲ್ಲ. ಸಿನಿಮಾದ 5.1 ಧ್ವನಿಯಲ್ಲಿ ಮಾತು ಬರೋದು ನಡುವಿನ ಸ್ಪೀಕರ್‌ಗೆ. ನಿಮ್ಮ ಟಿವಿಗೆ ಇರೋದು ಎರಡೇ. ಕೋಡಿಯಲ್ಲಿ 5.1 ಅಂತ ಆಯ್ಕೆ ಆಗಿದ್ರೆ, ಇಲ್ಲದ ಸ್ಪೀಕರ್‌ಗೆ ಮಾತು ಹೋಗಿ ಕಳೆದುಹೋಗುತ್ತೆ. ಸೆಟ್ಟಿಂಗ್ಸ್, ಸಿಸ್ಟಮ್, ಆಡಿಯೊ ಒಳಗೆ ಹೋಗಿ ಚಾನೆಲ್ 2.0 ಮಾಡಿ, ಪಾಸ್‌ಥ್ರೂ ಆಫ್ ಮಾಡಿ. ಮಾತು ವಾಪಸ್ ಬರುತ್ತೆ. ಧ್ವನಿಯೇ ಇಲ್ಲ ಅಂದ್ರೆ ಅಲ್ಲೇ ಔಟ್‌ಪುಟ್ ಎಚ್‌ಡಿಎಂಐ ಇದೆಯಾ ನೋಡಿ. ಸೌಂಡ್‌ಬಾರ್, ಎವಿ ರಿಸೀವರ್ ಇದ್ದವರಿಗೆ ಮಾತ್ರ ಪಾಸ್‌ಥ್ರೂ ಬೇಕಾಗೋದು.

ಚಿತ್ರ ಎಳೆದೆಳೆದು ಓಡ್ತಿದ್ರೆ ಕೀಬೋರ್ಡಿನಲ್ಲಿ ಇಂಗ್ಲಿಷ್ ‘ಓ’ ಅಕ್ಷರ ಒತ್ತಿ. ವಿಡಿಯೊ ಯಾವ ಮಾದರಿಯದ್ದು, ಹಾರ್ಡ್‌ವೇರ್ ಬಿಡಿಸ್ತಿದೆಯೋ ಸಾಫ್ಟ್‌ವೇರೋ ಅಂತ ಬರುತ್ತೆ. ಭಾರೀ ಫೈಲ್ ಸಾಫ್ಟ್‌ವೇರ್‌ನಲ್ಲಿ ಓಡ್ತಿದ್ರೆ ಕಾರಣ ಅಲ್ಲೇ ಸಿಕ್ಕಿತು. ಹಾರ್ಡ್‌ವೇರೇ ಇದ್ದೂ ಕ್ಯಾಮೆರಾ ಪಕ್ಕಕ್ಕೆ ಸರಿಯುವಾಗ ಮಾತ್ರ ಜರ್ಕ್ ಆದ್ರೆ, ಅದು 24 ಫ್ರೇಮಿನ ಸಿನಿಮಾವನ್ನ 60ರ ಪರದೆಗೆ ಹೊಂದಿಸೋ ಒದ್ದಾಟ. ಪ್ಲೇಯರ್ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ಹೊಂದಿಸ್ಕೊಳ್ಳೋ ಆಯ್ಕೆ ಆನ್ ಮಾಡಿ.

4 ಜಿಬಿಗಿಂತ ದೊಡ್ಡ ಫೈಲ್ ಪೆನ್‌ಡ್ರೈವ್‌ಗೆ ಹೋಗ್ತಿಲ್ಲ ಅಂದ್ರೆ ಅದು ಫ್ಯಾಟ್32 ಫಾರ್ಮ್ಯಾಟ್, ಎಕ್ಸ್‌ಫ್ಯಾಟ್ ಮಾಡಿ. ಒಳಗಿರೋದನ್ನ ಮೊದಲು ಬೇರೆ ಕಡೆ ಇಳಿಸಿ, ಫಾರ್ಮ್ಯಾಟ್ ಎಲ್ಲವನ್ನೂ ಅಳಿಸುತ್ತೆ.

ರಿಮೋಟ್ ಬೇರೆ ಬೇಕಿಲ್ಲ. ಪೈ ಆದ್ರೆ ಟಿವಿ ರಿಮೋಟೇ ಸಾಕು, ಎಚ್‌ಡಿಎಂಐ ಮೂಲಕ ಹೋಗುತ್ತೆ. ಟಿವಿಯಲ್ಲಿ ಈ ಸೌಲಭ್ಯ ಆನ್ ಇರ್ಬೇಕು. ಸ್ಯಾಮ್‌ಸಂಗ್ ಇದನ್ನ ಎನಿನೆಟ್ ಪ್ಲಸ್ ಅನ್ನುತ್ತೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಮಿನಿ ಪಿಸಿಗಳಲ್ಲಿ ಇದು ಸಾಮಾನ್ಯವಾಗಿ ಇರಲ್ಲ. ಆಗ ಫೋನ್‌ಗೆ ಕೋಡಿಯವರದ್ದೇ ‘ಕೋರೆ’ ಆ್ಯಪ್ ಹಾಕ್ಕೊಳ್ಳಿ. ಎರಡೂ ಒಂದೇ ವೈಫೈನಲ್ಲಿದ್ರೆ ಸಾಕು, ಹಾಟ್‌ಸ್ಪಾಟ್ ಆದ್ರೂ ನಡೆಯುತ್ತೆ, ಡೇಟಾ ಪ್ಯಾಕ್ ಬೇಕಿಲ್ಲ. ವೈರ್‌ಲೆಸ್ ಕೀಬೋರ್ಡ್ ತಡವರಿಸ್ತಿದ್ರೆ ಅದರ ಡಾಂಗಲ್‌ನ ನೀಲಿ ಯುಎಸ್‌ಬಿ 3 ಕಿಂಡಿ, ಡಿಸ್ಕುಗಳಿಂದ ದೂರ ಇಡಿ. ಅವು ಹೊರಸೂಸೋ ಗದ್ದಲ 2.4 ಗಿಗಾಹರ್ಟ್ಸ್‌ನಲ್ಲೇ ಬೀಳುತ್ತೆ. ಒಂದು ಗೇಣು ಎಕ್ಸ್‌ಟೆನ್ಶನ್ ಕೇಬಲ್ ಸಾಕು. ದಪ್ಪ ಕಲ್ಲಿನ ಗೋಡೆ ಇರೋ ಮನೇಲಿ 5 ಗಿಗಾಹರ್ಟ್ಸ್ ವೈಫೈ ಒಳಕೋಣೆಗೆ ತಲುಪಲ್ಲ, 2.4ಕ್ಕೆ ಇಳಿಸಿ ನೋಡಿ.

ಮುಂಡಗೋಡದ ವಿದ್ಯಾರ್ಥಿಯೊಬ್ಬರು ಕೇಳಿದ್ದು ಕನ್ನಡ ಸಬ್‌ಟೈಟಲ್ ಬದಲು ಚೌಕ ಚೌಕ ಬರ್ತವೆ ಅಂತ. ಫಾಂಟ್‌ನಲ್ಲಿ ಕನ್ನಡ ಅಕ್ಷರ ಇಲ್ಲ ಅನ್ನೋದರ ಗುರುತು ಅದು. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಇಳಿಸಿ, ಕೋಡಿಯ ಮೀಡಿಯಾ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರ್‌ಗೆ ಹಾಕಿ, ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ ಅದನ್ನ ಆರಿಸಿ. ಚೌಕದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆ ಬಂದ್ರೆ ಫೈಲನ್ನ ಯುಟಿಎಫ್-8ರಲ್ಲಿ ಮತ್ತೆ ಸೇವ್ ಮಾಡ್ಬೇಕು. 1966ರಿಂದ ಟಿಬೆಟನ್ ನೆಲೆ ಇರೋ ಊರು ಅದು. ಟಿಬೆಟನ್ ಲಿಪಿಗೂ ನೋಟೊ ಫಾಂಟ್ ಇದೆ, ವಿಧಾನ ಇದೇ.

ದಾಂಡೇಲಿ, ಗಣೇಶಗುಡಿ ಕಡೆ ಹೋಮ್‌ಸ್ಟೇ ನಡೆಸೋರಿಗೆ: ಮನೆ ಬಳಕೆಗೆ ಅಂತ ತಗೊಂಡ ಡಿವಿಡಿ, ಒಟಿಟಿ ಖಾತೆಯನ್ನ ಅತಿಥಿಗಳಿಗೆ ಹಾಕಿ ತೋರಿಸೋ ಮೊದಲು ಅನುಮತಿ ವಿಚಾರಿಸ್ಕೊಳ್ಳಿ. ಅಲ್ಲಿ ಕಾನೂನು ಮನೆಯಷ್ಟು ಸಡಿಲ ಅಲ್ಲ.

ಮಾಮಾನ ಡಿಸ್ಕಿನ ಒಂದು ಪ್ರತಿ ಈಗ ಹಳಿಯಾಳದಲ್ಲಿ ದೊಡ್ಡಮ್ಮನ ಕಪಾಟಿನಲ್ಲಿದೆ, ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಗಾಳಿಯಾಡದ ಡಬ್ಬೀಲಿ. ನಿಮ್ಮ ಮನೇಲಿ ಒಂದೇ ಪ್ರತಿ ಇರೋ ವಿಡಿಯೊ ಇದ್ರೆ ಪೆಟ್ಟಿಗೆ ಕೊಳ್ಳೋಕೆ ಮೊದಲು ಎರಡನೇ ಡಿಸ್ಕ್ ಕೊಳ್ಳಿ. ಮುಂದಿನ ವಾರ ಹಳೇ ಹ್ಯಾಂಡಿಕ್ಯಾಮ್ ಕ್ಯಾಸೆಟ್‌ನಿಂದ ವಿಡಿಯೊ ಇಳಿಸೋದು ಹೇಗೆ ಅಂತ ಮಾತಾಡ್ತೀನಿ.