ಜನ ಮರುಳೋ, ಜಾತ್ರೆ ಮರುಳೋ?

ಸಂಜೆಯ ಮೊದಲನೆಯ ಪ್ರದರ್ಶನ ಮುಗಿದು ಚಿತ್ರಮಂದಿರದ ಬಾಗಿಲು ತೆರೆಯುತ್ತದೆ. ಒಳಗಿದ್ದವರು ಕಣ್ಣುಜ್ಜಿಕೊಳ್ಳುತ್ತ ಹೊರಬರುತ್ತಾರೆ; ಎರಡನೆಯ ಪ್ರದರ್ಶನಕ್ಕೆ ಬಂದವರು ಟಿಕೆಟು ಹಿಡಿದು ಕಾದು ನಿಂತಿರುತ್ತಾರೆ. ಈ ಎರಡು ಪ್ರವಾಹಗಳು ಸಂಧಿಸುವೆಡೆಯಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆ ಒಂದೇ: "ಪಿಕ್ಚರ್ ಹೇಗಿದೆ?" ಉತ್ತರಗಳೂ ನಮಗೆ ಪರಿಚಿತವಾದುವೇ. "ಚೆನ್ನಾಗಿದೆ, ಹೋಗಿ ನೋಡಿ." "ಒಂದು ಸಲ ನೋಡಬಹುದು." "ಇಂಟರ್‌ವೆಲ್ ಆದಮೇಲೆ ಸ್ವಲ್ಪ ಎಳೆದಿದ್ದಾರೆ." ಗುರುತು ಪರಿಚಯವಿಲ್ಲದವನೊಬ್ಬನ ಈ ಮಾತಿಗೆ ನಾವು ಕೊಡುವ ಬೆಲೆಯನ್ನು ಗೋಡೆಯ ಮೇಲಿನ ದೊಡ್ಡ ಭಿತ್ತಿಪತ್ರಕ್ಕೂ ಕೊಡುವುದಿಲ್ಲ. ಏಕೆಂದರೆ ಅವನು ಚಿತ್ರವನ್ನು ಈಗತಾನೆ ನೋಡಿ ಬಂದವನು. ನಮ್ಮನ್ನು ಒಪ್ಪಿಸುವುದರಿಂದ ಅವನಿಗೆ ಆಗಬೇಕಾದ ಲಾಭವೇನೂ ಇಲ್ಲ.

ಮರುದಿನ ಕಚೇರಿಯಲ್ಲಿ, ಬಸ್ಸಿನಲ್ಲಿ, ಹೋಟೆಲಿನ ಮೇಜಿನ ಸುತ್ತ ಇದೇ ಚರ್ಚೆ ಮುಂದುವರಿಯುತ್ತದೆ. ಕೈಯಲ್ಲಿರುವ ಫೋನು ಈಗ ಅದನ್ನು ಕ್ಷಣಾರ್ಧದಲ್ಲಿ ಊರಿಂದೂರಿಗೆ ಒಯ್ಯುತ್ತದೆ. ಇದನ್ನು ಬರಿಯ ಕಾಲಹರಣದ ಹರಟೆಯೆಂದು ತಳ್ಳಿಹಾಕುವಂತಿಲ್ಲ. "ಜನ ಮರುಳೋ, ಜಾತ್ರೆ ಮರುಳೋ" ಎಂದು ನಮ್ಮ ಹಿರಿಯರು ಕೇಳಿದ ಪ್ರಶ್ನೆ ಇದರೊಳಗೆ ಅಡಗಿದೆ. ಚಿತ್ರ ಚೆನ್ನಾಗಿರುವುದರಿಂದ ಜನ ಸೇರುತ್ತಾರೆಯೋ, ಜನ ಸೇರಿರುವುದರಿಂದ ಚಿತ್ರ ಚೆನ್ನಾಗಿರುವಂತೆ ಕಾಣುತ್ತದೆಯೋ? ಈ ಪ್ರಶ್ನೆಯನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡುವುದು ಸಾಧ್ಯವಿದೆ.

ಮೊದಲು ಬಾಯಿಮಾತಿನ ಶಕ್ತಿಗೆ ಒಂದು ನಿದರ್ಶನವನ್ನು ನೋಡೋಣ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ 'ಶೋಲೆ' ೧೯೭೫ರ ಆಗಸ್ಟ್ ೧೫ರಂದು ತೆರೆಕಂಡಿತು. ಪತ್ರಿಕೆಗಳ ವಿಮರ್ಶೆ ಅನುಕೂಲವಾಗಿರಲಿಲ್ಲ. ಚಿತ್ರ ಸೋತಿತೆಂದೇ ವ್ಯಾಪಾರ ವಲಯ ಭಾವಿಸಿತು. ಅದರ ಕೊನೆಯನ್ನೇ ಬದಲಾಯಿಸಿ ಮತ್ತೆ ಚಿತ್ರೀಕರಿಸುವ ಆಲೋಚನೆಯನ್ನೂ ಅದನ್ನು ತಯಾರಿಸಿದವರು ಮಾಡಿದ್ದುಂಟು. ಆದರೆ ನೋಡಿ ಬಂದವರು ಸುಮ್ಮನಿರಲಿಲ್ಲ. ಅಚ್ಚಾದ ಅಭಿಪ್ರಾಯ ಏನೇ ಇರಲಿ, ತಾವು ಕಂಡುದನ್ನು, ತಮಗೆ ಹಿಡಿಸಿದ ಮಾತುಗಳನ್ನು ನೆರೆಹೊರೆಯವರಿಗೆ ಹೇಳಿದರು. ಕೆಲವೇ ವಾರಗಳಲ್ಲಿ ಗಾಳಿ ತಿರುಗಿತು. ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಆ ಚಿತ್ರ ಐದು ವರ್ಷಗಳ ಕಾಲ ಓಡಿತು. ನೋಡಿದವರ ಬಾಯಿಮಾತು ಒಂದು ಚಿತ್ರವನ್ನು ಸಾವಿನ ದವಡೆಯಿಂದ ಎಳೆದು ತಂದಿತ್ತು.

ಬಾಯಿಮಾತು ಯಾವಾಗಲೂ ಇಷ್ಟು ನ್ಯಾಯವಾಗಿ ನಡೆದುಕೊಳ್ಳುತ್ತದೆಯೇ? ಒಂದು ಸರಳ ಲೆಕ್ಕವನ್ನು ಮಾಡೋಣ. ಊರಿನಲ್ಲಿ ಎರಡು ಚಿತ್ರಮಂದಿರಗಳಿವೆ. ಎರಡರಲ್ಲಿಯೂ ನಡೆಯುತ್ತಿರುವ ಚಿತ್ರಗಳು ಗುಣದಲ್ಲಿ ಸಮಸಮ ಎಂದಿಟ್ಟುಕೊಳ್ಳಿ. ರಾಮ, ಸೋಮ ಎಂಬಿಬ್ಬರು ಒಬ್ಬರನ್ನೊಬ್ಬರು ಕೇಳದೆ, ತಂತಮ್ಮ ನಾಣ್ಯ ಚಿಮ್ಮಿ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುತ್ತಾರೆ. ಆಗ ಸಾಧ್ಯವಾಗುವ ಏರ್ಪಾಡುಗಳು ನಾಲ್ಕು. ಅವುಗಳಲ್ಲಿ ಎರಡರಲ್ಲಿ ಮಾತ್ರ ಇಬ್ಬರೂ ಒಂದೇ ಮಂದಿರದಲ್ಲಿರುತ್ತಾರೆ. ಅಂದರೆ ಅವರು ಒಟ್ಟಿಗೆ ಸೇರುವ ಸಂಭವ ಅರ್ಧ.

ಈಗ ನಿಯಮವನ್ನು ಸ್ವಲ್ಪ ಬದಲಿಸೋಣ. ಒಂದು ಡಬ್ಬಿಯಲ್ಲಿ ಎರಡು ಮಂದಿರಗಳ ಹೆಸರಿನ ಒಂದೊಂದು ಚೀಟಿ ಇದೆ. ರಾಮ ಕಣ್ಣುಮುಚ್ಚಿ ಒಂದು ಚೀಟಿಯನ್ನೆತ್ತಿ ಆ ಮಂದಿರಕ್ಕೆ ಹೋಗುತ್ತಾನೆ. ಬಂದವನು ಎತ್ತಿದ ಚೀಟಿಯನ್ನು ಹಿಂದಕ್ಕೆ ಹಾಕಿ, ಅದೇ ಹೆಸರಿನ ಇನ್ನೊಂದು ಚೀಟಿಯನ್ನೂ ಸೇರಿಸುತ್ತಾನೆ. "ನಾನು ನೋಡಿದೆ, ನೀನೂ ನೋಡು" ಎಂಬ ಶಿಫಾರಸು ಇದು. ಈಗ ಡಬ್ಬಿಯಲ್ಲಿರುವ ಮೂರು ಚೀಟಿಗಳಲ್ಲಿ ಎರಡು ರಾಮ ನೋಡಿದ ಚಿತ್ರದವು. ಆದುದರಿಂದ ಸೋಮನೂ ಅಲ್ಲಿಗೇ ಹೋಗುವ ಸಂಭವ ಮೂರರಲ್ಲಿ ಎರಡು ಪಾಲಿಗೆ ಏರಿತು.

ಇಬ್ಬರ ವಿಷಯದಲ್ಲಿ ಈ ವ್ಯತ್ಯಾಸ ಅಲ್ಪವೆಂದು ತೋರಬಹುದು. ಹತ್ತು ಮಂದಿಯಾದರೆ? ನಾಣ್ಯ ಚಿಮ್ಮಿದಾಗ ಹತ್ತು ಜನರೂ ಒಂದೇ ಮಂದಿರಕ್ಕೆ ಸೇರುವ ಸಂಭವ ೫೧೨ರಲ್ಲಿ ಒಂದು. ಚೀಟಿಯ ನಿಯಮದಲ್ಲಾದರೋ ಅದು ೧೧ರಲ್ಲಿ ಎರಡು! ಸರಿಯಾಗಿ ಐದೈದು ಮಂದಿಯಂತೆ ಹಂಚಿಹೋಗುವ ಸಂಭವ ಮೊದಲ ರೀತಿಯಲ್ಲಿ ಸುಮಾರು ನಾಲ್ಕರಲ್ಲಿ ಒಂದು. ಎರಡನೆಯ ರೀತಿಯಲ್ಲಿ ೧೧ರಲ್ಲಿ ಒಂದು ಮಾತ್ರ. ಚಿತ್ರಗಳ ಗುಣದಲ್ಲಿ ಎಳ್ಳಷ್ಟೂ ಅಂತರವಿಲ್ಲದಿದ್ದರೂ ಒಂದು ಮಂದಿರ ತುಂಬಿ ತುಳುಕುವುದು, ಇನ್ನೊಂದು ಬಿಕೋ ಎನ್ನುವುದು ಸಹಜವಾಗಿಬಿಟ್ಟಿತು. ಜಾತ್ರೆಯನ್ನು ಸೇರಿಸಲು ಒಬ್ಬರ ಹಿಂದೆ ಒಬ್ಬರು ನಡೆಯುವುದಷ್ಟೇ ಸಾಕಾಯಿತು.

ಭೌತವಿಜ್ಞಾನವನ್ನು ಓದಿದವರಿಗೆ ಈ ಎಣಿಕೆ ಹೊಸದಲ್ಲ. ೧೯೨೪ರಲ್ಲಿ ಢಾಕಾ ವಿಶ್ವವಿದ್ಯಾನಿಲಯದಲ್ಲಿದ್ದ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳನ್ನು ಎಣಿಸುವ ಹೊಸ ವಿಧಾನವೊಂದನ್ನು ಬರೆದು ಐನ್‌ಸ್ಟೈನರಿಗೆ ಕಳುಹಿಸಿದರು. ಐನ್‌ಸ್ಟೈನರು ಅದನ್ನು ತಾವೇ ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಿದರು. ಬೆಳಕಿನ ಕಣಗಳಲ್ಲಿ ಇದು ರಾಮ, ಇದು ಸೋಮ ಎಂಬ ಗುರುತಿಲ್ಲ. ಎರಡು ಕಣಗಳು, ಎರಡು ಮನೆಗಳು ಎಂದರೆ ಅಲ್ಲಿ ಎಣಿಸಬೇಕಾದ ಏರ್ಪಾಡುಗಳು ಮೂರೇ: ಎರಡೂ ಇಲ್ಲಿ, ಎರಡೂ ಅಲ್ಲಿ, ಒಂದೊಂದು ಒಂದೊಂದರಲ್ಲಿ. ಮೂರರಲ್ಲಿ ಎರಡು ಏರ್ಪಾಡುಗಳಲ್ಲಿ ಕಣಗಳು ಜೊತೆಯಾಗಿರುತ್ತವೆ. ನಮ್ಮ ಚೀಟಿಯ ಡಬ್ಬಿ ಕೊಟ್ಟ ಉತ್ತರವೂ ಇದೇ ಅಲ್ಲವೇ? ಆರ್ಥರ್ ಡಿ ವ್ಯಾನಿ ಮತ್ತು ಡೇವಿಡ್ ವಾಲ್ಸ್ ಎಂಬ ಅರ್ಥಶಾಸ್ತ್ರಜ್ಞರು ೧೯೯೬ರಲ್ಲಿ ಅಮೆರಿಕದ ಚಲಚ್ಚಿತ್ರಗಳ ಗಳಿಕೆಯನ್ನು ಪರಿಶೀಲಿಸಿ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿಯೇ ಬೋಸ್-ಐನ್‌ಸ್ಟೈನರ ಹೆಸರಿದೆ. ಪ್ರೇಕ್ಷಕರು ಒಬ್ಬರಿಂದೊಬ್ಬರಿಗೆ ಸುದ್ದಿ ದಾಟಿಸುವಾಗ ಗಳಿಕೆ ಕೆಲವೇ ಚಿತ್ರಗಳಲ್ಲಿ ರಾಶಿಯಾಗುವುದನ್ನು ಅವರು ಈ ಎಣಿಕೆಯ ಮೂಲಕ ವಿವರಿಸಿದರು.

ಆದರೆ ಮನುಷ್ಯನು ಬೆಳಕಿನ ಕಣವಲ್ಲ. ಅವನಿಗೆ ಕಣ್ಣು ಕಿವಿಗಳಿವೆ, ಒಳ್ಳೆಯದು ಕೆಟ್ಟದ್ದರ ವಿವೇಚನೆಯಿದೆ. ಆ ವಿವೇಚನೆ ಗುಂಪಿನ ನಡುವೆ ಎಷ್ಟರಮಟ್ಟಿಗೆ ಉಳಿಯುತ್ತದೆ? ಇದನ್ನು ತಿಳಿಯಲು ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಮೂವರು ಒಂದು ಪ್ರಯೋಗ ನಡೆಸಿ ೨೦೦೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಆರಿಸಿಕೊಂಡುದು ಚಲಚ್ಚಿತ್ರಗಳನ್ನಲ್ಲ, ಯಾರೂ ಕೇಳರಿಯದ ಗಾಯಕರ ೪೮ ಹಾಡುಗಳನ್ನು. ಆದರೆ ಪ್ರಶ್ನೆ ನಮ್ಮದೇ. ಭಾಗವಹಿಸಿದವರು ೧೪,೦೦೦ಕ್ಕೂ ಹೆಚ್ಚು ಮಂದಿ. ಒಂದು ಗುಂಪಿನವರಿಗೆ ಹಾಡುಗಳ ಹೆಸರು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಬೇರೆಬೇರೆ ಗುಂಪುಗಳಾಗಿ ವಿಂಗಡಿಸಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ತೆಗೆದುಕೊಂಡಿದ್ದಾರೆಂಬ ಲೆಕ್ಕವನ್ನೂ ತೋರಿಸಲಾಗುತ್ತಿತ್ತು. ಎಂಟು ಗುಂಪುಗಳೆಂದರೆ ಎಂಟು ಊರುಗಳಿದ್ದಂತೆ; ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದು.

ಫಲಿತಾಂಶ ಕುತೂಹಲಕರವಾದುದು. ಇತರರ ಆಯ್ಕೆ ಕಾಣುತ್ತಿದ್ದ ಕಡೆಗಳಲ್ಲಿ ಜನಪ್ರಿಯ ಹಾಡುಗಳು ಮತ್ತಷ್ಟು ಮೇಲೇರಿದುವು. ಹಿಂದುಳಿದವು ಮತ್ತಷ್ಟು ಕೆಳಗಿಳಿದುವು. ಮಿಗಿಲಾಗಿ, ಒಂದು ಊರಿನಲ್ಲಿ ಮುಂದಿದ್ದ ಹಾಡು ಇನ್ನೊಂದು ಊರಿನಲ್ಲಿಯೂ ಮುಂದಿರಬೇಕೆಂಬ ನಿಯಮವಿರಲಿಲ್ಲ. ಸ್ವತಂತ್ರವಾಗಿ ಆರಿಸಿದವರು ಬಹಳವಾಗಿ ಮೆಚ್ಚಿದ ಹಾಡುಗಳು ತೀರ ಸೋಲುತ್ತಿದ್ದುದು ಅಪರೂಪ. ಅವರಿಗೆ ಸ್ವಲ್ಪವೂ ಹಿಡಿಸದವು ಗೆಲ್ಲುತ್ತಿದ್ದುದೂ ಅಪರೂಪ. ನಡುವಿನವುಗಳ ಪಾಡು ಮಾತ್ರ ಹೇಗೆ ಬೇಕಾದರೂ ಆಗಬಹುದಾಗಿತ್ತು. ಜಾತ್ರೆಯೂ ಮರುಳಲ್ಲ, ಜನರೂ ಪೂರ್ತಿ ಮರುಳಲ್ಲ. ಆದರೆ ಮೊದಲು ಬಂದ ನಾಲ್ಕು ಮಂದಿಯ ಮಾತು ಅನೇಕರ ಭವಿಷ್ಯವನ್ನು ನಿರ್ಣಯಿಸಿಬಿಡುತ್ತದೆ.

ಹಾಗಾದರೆ ಬಹುಜನರ ಅಭಿಪ್ರಾಯಕ್ಕೆ ಬೆಲೆ ಬರುವುದು ಯಾವಾಗ? ಇದಕ್ಕೆ ಉತ್ತರವನ್ನು ನಾನು ವರ್ಷವರ್ಷವೂ ಪ್ರಯೋಗಶಾಲೆಯಲ್ಲಿ ಕಾಣುತ್ತೇನೆ. ಒಂದು ಮೀಟರು ಉದ್ದದ ಲೋಲಕ ೨೦ ಸಲ ತೂಗಲು ಸುಮಾರು ೪೦ ಸೆಕೆಂಡು ಬೇಕು. ಇಪ್ಪತ್ತೈದು ಮಂದಿ ವಿದ್ಯಾರ್ಥಿಗಳು ತಾವು ತಾವೇ ಅಳೆದರೆ ಒಬ್ಬನದು ತುಸು ಹೆಚ್ಚು, ಒಬ್ಬನದು ತುಸು ಕಡಿಮೆ ಆಗುವುದಷ್ಟೆ. ಈ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಸರಾಸರಿಯಲ್ಲಿ ಉಳಿಯುವ ತಪ್ಪು ಒಬ್ಬನ ತಪ್ಪಿನ ಐದನೆಯ ಒಂದು ಪಾಲಿನಷ್ಟು. ಆದರೆ ಮೊದಲನೆಯವನು ಎಣಿಕೆ ತಪ್ಪಿ ೪೨ ಎಂದು ಬರೆದು, ಉಳಿದವರು ಅವನ ಪುಸ್ತಕವನ್ನು ಇಣುಕಿ ನೋಡಿ ಅದನ್ನೇ ಬರೆದುಕೊಂಡರೆ? ಆಗ ಇಪ್ಪತ್ತೈದು ಪುಸ್ತಕಗಳಿದ್ದರೂ ಅಳತೆ ಒಂದೇ; ಸರಾಸರಿಯೂ ಆ ಒಬ್ಬನ ತಪ್ಪೇ. ಎಲ್ಲರ ಉತ್ತರವೂ ಒಂದೇ ಆದುದನ್ನು ಕಂಡಾಗ ಅಧ್ಯಾಪಕನಿಗೆ ಹುಟ್ಟುವುದು ನಂಬಿಕೆಯಲ್ಲ, ಸಂದೇಹ!

ಇದರ ಪ್ರಸಿದ್ಧ ಉದಾಹರಣೆಯನ್ನು ಫ್ರಾನ್ಸಿಸ್ ಗಾಲ್ಟನ್ ೧೯೦೭ರಲ್ಲಿ ಬರೆದಿದ್ದಾನೆ. ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತಿನ ಮಾಂಸದ ತೂಕವನ್ನು ಊಹಿಸುವ ಪಂದ್ಯ ನಡೆಯಿತು. ಜನ ತಮ್ಮ ಊಹೆಗಳನ್ನು ಚೀಟಿಗಳಲ್ಲಿ ಬರೆದುಕೊಟ್ಟಿದ್ದರು. ಓದಲು ಸಾಧ್ಯವಾದ ೭೮೭ ಚೀಟಿಗಳನ್ನು ಗಾಲ್ಟನ್ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವಿನ ಊಹೆ ೧,೨೦೭ ಪೌಂಡು. ಅವನು ವರದಿ ಮಾಡಿದ ನಿಜವಾದ ತೂಕ ೧,೧೯೮ ಪೌಂಡು. ಒಬ್ಬರ ಊಹೆ ಇನ್ನೊಬ್ಬರ ಊಹೆಯನ್ನು ಎಳೆದಾಡಲಿಲ್ಲ. ಗುಂಪು ಜಾಣತನ ತೋರಿದ್ದರ ಗುಟ್ಟು ಇದು.

ಎತ್ತಿಗೆ ನಿಜವಾದ ತೂಕವೊಂದಿದೆ, ಚಿತ್ರಕ್ಕೆಲ್ಲಿದೆ ಎಂದು ವಾಚಕರು ಕೇಳಬಹುದು. ಆಕ್ಷೇಪಣೆ ನ್ಯಾಯವಾದುದೇ. ನೆಟ್‌ಫ್ಲಿಕ್ಸ್ ಸಂಸ್ಥೆ ೨೦೦೬ರಲ್ಲಿ ೪,೮೦,೦೦೦ಕ್ಕೂ ಹೆಚ್ಚು ಪ್ರೇಕ್ಷಕರು ೧೭,೭೭೦ ಚಿತ್ರಗಳಿಗೆ ಒಂದರಿಂದ ಐದರವರೆಗೆ ಕೊಟ್ಟಿದ್ದ ೧೦ ಕೋಟಿಗೂ ಹೆಚ್ಚು ಅಂಕಗಳನ್ನು ಹೊರಗಿಟ್ಟು, ಯಾರು ಯಾವ ಚಿತ್ರಕ್ಕೆ ಎಷ್ಟು ಅಂಕ ಕೊಡುವರೆಂದು ತನ್ನ ವಿಧಾನಕ್ಕಿಂತ ಶೇಕಡ ೧೦ರಷ್ಟು ಉತ್ತಮವಾಗಿ ಊಹಿಸಿದವರಿಗೆ ೧೦ ಲಕ್ಷ ಡಾಲರು ಬಹುಮಾನ ಘೋಷಿಸಿತು. ೨೦೦೯ರಲ್ಲಿ ಬಹುಮಾನ ಸಂದಿತು. ಅಷ್ಟೆಲ್ಲ ಶ್ರಮದ ಅನಂತರವೂ ಊಹೆಯಲ್ಲಿ ಉಳಿದ ತಪ್ಪು ಸುಮಾರು ೦.೮೬ ಅಂಕ, ಮೊದಲು ಅದು ೦.೯೫ರಷ್ಟಿತ್ತು. 'ನೆಪೋಲಿಯನ್ ಡೈನಮೈಟ್' ಎಂಬ ೨೦೦೪ರ ಹಾಸ್ಯಚಿತ್ರವಂತೂ ಸ್ಪರ್ಧಿಗಳನ್ನು ಬಹಳ ಕಾಡಿತು. ಅದನ್ನು ಜನ ಒಂದೋ ಬಹಳವಾಗಿ ಮೆಚ್ಚುತ್ತಿದ್ದರು, ಇಲ್ಲವೇ ಬಹಳವಾಗಿ ದ್ವೇಷಿಸುತ್ತಿದ್ದರು. ಅರ್ಧ ಜನ ಐದು, ಅರ್ಧ ಜನ ಒಂದು ಅಂಕ ಕೊಟ್ಟ ಚಿತ್ರಕ್ಕೆ ಸರಾಸರಿ ಮೂರು ಬರುತ್ತದೆ. ಆದರೆ ಮೂರು ಅಂಕ ಕೊಟ್ಟವನು ಒಬ್ಬನೂ ಇಲ್ಲ! ಇತರರ ಕೋಟಿ ಅಭಿಪ್ರಾಯಗಳನ್ನು ಕೂಡಿಸಿದರೂ ನಿಮ್ಮ ಅಭಿಪ್ರಾಯ ಅದರಿಂದ ಪೂರ್ಣವಾಗಿ ಹೊರಡುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದರಿಂದ ಚಿತ್ರಪ್ರಿಯರು ಕಲಿಯಬೇಕಾದುದು ಕಷ್ಟದ ಪಾಠವೇನಲ್ಲ. ಚಿತ್ರ ಮುಗಿದೊಡನೆ, ಗೆಳೆಯನ ಮುಖ ನೋಡುವ ಮೊದಲು, ತನಗೆ ಏನನ್ನಿಸಿತೆಂದು ಮನಸ್ಸಿನಲ್ಲಿಯೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಕೇಳಿದವರಿಗೆ ತಾನು ಕಂಡುದನ್ನು ಹೇಳಬೇಕು. ನೋಡದಿದ್ದರೆ ನೋಡಿಲ್ಲವೆಂದೇ ಹೇಳಬೇಕು. "ಚೆನ್ನಾಗಿಲ್ಲವಂತೆ" ಎಂಬಲ್ಲಿನ 'ಅಂತೆ' ಇಣುಕಿ ನೋಡಿ ಬರೆದುಕೊಂಡ ಅಳತೆ. ಇತರರಿಂದ ಕೇಳುವಾಗಲೂ ಎಷ್ಟು ಜನ ಮೆಚ್ಚಿದರೆಂಬುದಕ್ಕಿಂತ ಏಕೆ ಮೆಚ್ಚಿದರೆಂಬುದನ್ನು ಕೇಳುವುದು ಲೇಸು. ಹೆಸರುವಾಸಿಯಾದ ನಟರಿಲ್ಲದ ಸಣ್ಣ ಚಿತ್ರವೊಂದು ಮೊದಲ ಮೂರು ದಿನಗಳಲ್ಲಿ ಪ್ರೇಕ್ಷಕರಿಲ್ಲದೆ ಎತ್ತಂಗಡಿಯಾದರೆ, ಅದು ಕೆಟ್ಟದ್ದೆಂದು ಯಾರೂ ತೀರ್ಮಾನಿಸಿದಂತಾಗಲಿಲ್ಲ; ಅದರ ಹೆಸರಿನ ಎರಡನೆಯ ಚೀಟಿಯನ್ನು ಡಬ್ಬಿಗೆ ಹಾಕುವವರು ಬರಲಿಲ್ಲ, ಅಷ್ಟೆ.

ಮುಂದಿನ ಸಲ ಚಿತ್ರಮಂದಿರದ ಬಾಗಿಲಲ್ಲಿ ಯಾರಾದರೂ "ಹೇಗಿದೆ?" ಎಂದು ಕೇಳಿದಾಗ ವಾಚಕರು ಒಂದು ಕ್ಷಣ ನಿಂತು ಉತ್ತರ ಕೊಡಲಿ. ಕೇಳಿದವನು ಆ ಮಾತನ್ನು ನಂಬಿ ಒಳಗೆ ಹೋಗುತ್ತಾನೆ, ಇಲ್ಲವೇ ಮನೆಗೆ ಹಿಂದಿರುಗುತ್ತಾನೆ.