ನೇರ ಪ್ರಸಾರದ ಗರಡಿಯಲ್ಲಿ ಪಳಗಿದ ಲುಮೆಟ್

1950ರ ದಶಕದ ಅಮೆರಿಕದಲ್ಲಿ ಅನೇಕ ಟಿವಿ ನಾಟಕಗಳು ನೇರವಾಗಿ ಪ್ರಸಾರವಾಗುತ್ತಿದ್ದವು. ನಟ ಮಾತು ಮರೆತರೆ ಮರುಚಿತ್ರೀಕರಣದ ಪ್ರಶ್ನೆಯೇ ಇರಲಿಲ್ಲ. ನಿರ್ದೇಶಕ ಸಿಡ್ನಿ ಲುಮೆಟ್ ಪಳಗಿದ್ದು ಸಿಬಿಎಸ್ ವಾಹಿನಿಯ ಈ ಗರಡಿಯಲ್ಲಿ.

ಅವರ ಮೊದಲ ಚಲನಚಿತ್ರ '12 ಆಂಗ್ರಿ ಮೆನ್' (1957). ಇದರ ಮೂಲವೂ 1954ರಲ್ಲಿ ಪ್ರಸಾರವಾದ, ರೆಜಿನಾಲ್ಡ್ ರೋಸ್ ರಚಿಸಿದ ಟಿವಿ ನಾಟಕವೇ. ತಂದೆಯನ್ನು ಕೊಂದ ಆರೋಪ ಹೊತ್ತ ಹುಡುಗನ ಅಳಿವು ಉಳಿವನ್ನು ಹನ್ನೆರಡು ಮಂದಿ ಜ್ಯೂರಿಗಳು ನಿರ್ಧರಿಸಬೇಕು. ಕಥೆ ಬಹುಪಾಲು ನಡೆಯುವುದು ಒಂದೇ ಕೋಣೆಯಲ್ಲಿ. ಬೇಸರ ತರಿಸಬಹುದಾಗಿದ್ದ ಈ ಇಕ್ಕಟ್ಟನ್ನೇ ಲುಮೆಟ್ ಬಂಡವಾಳವಾಗಿಸಿಕೊಂಡರು. ಆರಂಭದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ. ವಾದ ಕಾವೇರಿದಂತೆ ಕೆಳಗಿಳಿಯುತ್ತದೆ. ಕೊನೆಗೆ ಕೋಣೆಯ ಚಾವಣಿಯೂ ಕಾಣತೊಡಗುತ್ತದೆ. ಮಸೂರಗಳ ನಾಭಿದೂರವನ್ನೂ ಹೆಚ್ಚಿಸುತ್ತ ಹೋದುದರಿಂದ ಗೋಡೆಗಳು ಪಾತ್ರಗಳ ಬೆನ್ನಿಗೇ ಬಂದು ನಿಂತಂತೆ ಭಾಸವಾಗುತ್ತದೆ. ಪ್ರೇಕ್ಷಕನಿಗೆ ಉಸಿರು ಕಟ್ಟುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ!

ಚಿತ್ರೀಕರಣಕ್ಕೆ ಮುನ್ನ ನಟರಿಗೆ ವಾರಗಟ್ಟಲೆ ತಾಲೀಮು ನೀಡುವ ಪದ್ಧತಿಯನ್ನು ಅವರು ಮುಂದೆಯೂ ಬಿಡಲಿಲ್ಲ. ತಮ್ಮನ್ನು ಬೆಳೆಸಿದ ಟಿವಿ ಲೋಕವನ್ನೇ 'ನೆಟ್‌ವರ್ಕ್' (1976) ಚಿತ್ರದಲ್ಲಿ ನಿರ್ದಾಕ್ಷಿಣ್ಯವಾಗಿ ವಿಡಂಬಿಸಿದರು. ಶ್ರೇಷ್ಠ ನಿರ್ದೇಶಕ ಪ್ರಶಸ್ತಿಗೆ ನಾಲ್ಕು ಬಾರಿ ನಾಮಕರಣಗೊಂಡರೂ ಆಸ್ಕರ್ ದಕ್ಕಲಿಲ್ಲ. ಗೌರವ ಆಸ್ಕರ್ ಸಂದದ್ದು 2005ರಲ್ಲಿ, ಎಂಬತ್ತರ ಇಳಿವಯಸ್ಸಿನಲ್ಲಿ. 2011ರಲ್ಲಿ ನಿಧನರಾದ ಲುಮೆಟ್, ಅದಕ್ಕೆ ಹತ್ತು ವರ್ಷ ಮೊದಲು '100 ಸೆಂಟರ್ ಸ್ಟ್ರೀಟ್' ಧಾರಾವಾಹಿಯೊಂದಿಗೆ ಟಿವಿಗೆ ಮರಳಿದ್ದರು. ಅದರ ಕಥೆಯೂ ನ್ಯಾಯಾಲಯದ್ದೇ.