ಖಾಲಿ ಸೈಟಿನ ಕಳೆ: ಊರಿಗೊಂದು ನಿಯಮವೇ?

ಪ್ರಶ್ನೆ: ಚೆನ್ನೈ ನಗರದೊಳಗೆ ನಮ್ಮದೊಂದು ಖಾಲಿ ಸೈಟಿದೆ, ತಾಂಬರಂನಲ್ಲಿ ಇನ್ನೊಂದು. ಕಳೆ ತೆಗೆಸುವ ನಿಯಮ ಎರಡೂ ಕಡೆ ಒಂದೇ ತಾನೇ?

ಉತ್ತರ: ಮೊದಲು ಒಂದೇ ಇರಲಿಲ್ಲ. ಚೆನ್ನೈಗೆ 1919ರ ಪ್ರತ್ಯೇಕ ಕಾಯ್ದೆಯಿತ್ತು. ಪುರಸಭೆಯಾಗಿದ್ದ ತಾಂಬರಂ 1920ರ ಜಿಲ್ಲಾ ಪುರಸಭೆಗಳ ಕಾಯ್ದೆಯಡಿ ಇತ್ತು. ತಾಂಬರಂ 2021ರಲ್ಲಿ ಮಹಾನಗರ ಪಾಲಿಕೆಯಾಯಿತು. ತಮಿಳುನಾಡು ನಗರ ಸ್ಥಳೀಯ ಸಂಸ್ಥೆಗಳ ಕಾಯ್ದೆ 2023ರಲ್ಲಿ ಜಾರಿಗೆ ಬಂದ ಮೇಲೆ ಎರಡಕ್ಕೂ ಮೂಲ ಕಾನೂನು ಒಂದೇ. ಆದರೆ ನೋಟಿಸು ಕೊಡುವವರು, ಕ್ರಮ ಕೈಗೊಳ್ಳುವವರು ಆಯಾ ಪಾಲಿಕೆಯವರೇ. ಹಾಗಾಗಿ ಒಂದು ಕಡೆಯ ಅನುಭವವನ್ನು ಇನ್ನೊಂದು ಕಡೆಗೆ ಅನ್ವಯಿಸಬೇಡಿ. ಆಯಾ ವಲಯ ಕಚೇರಿಯಲ್ಲೇ ವಿಚಾರಿಸಿ.

ರಾಜ್ಯ ದಾಟಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಕರ್ನಾಟಕ 1975ರಲ್ಲೇ ಪಾರ್ಥೇನಿಯಂ ಅನ್ನು, ಅಂದರೆ ನಮ್ಮ ಕಾಂಗ್ರೆಸ್ ಗಿಡವನ್ನು, ಕೃಷಿ ಪೀಡೆಗಳ ಕಾಯ್ದೆಯಡಿ ಹಾನಿಕಾರಕ ಕಳೆಯೆಂದು ಘೋಷಿಸಿತು. ತಮಿಳುನಾಡಿನಲ್ಲಿ ನ್ಯಾಯಾಲಯದವರೆಗೂ ಹೋದದ್ದು ಸೀಮೈ ಕರುವೇಲಂ, ಅಂದರೆ ನಮ್ಮ ಬಳ್ಳಾರಿ ಜಾಲಿ. ಅದನ್ನು ತೆಗೆಸಲು ಮದ್ರಾಸ್ ಹೈಕೋರ್ಟ್ ಆದೇಶಗಳನ್ನೇ ನೀಡಿದೆ.

ನಿಯಮ ಏನೇ ಇರಲಿ, ನೋಟಿಸಿಗಾಗಿ ಕಾಯಬೇಡಿ. ಪಾರ್ಥೇನಿಯಂ ಗಿಡವೊಂದು ಸಾವಿರಾರು ಬೀಜ ಉದುರಿಸುತ್ತದೆ, ಅದರ ಪರಾಗ ಅಲರ್ಜಿ ತರುತ್ತದೆ. ಹೂ ಬಿಡುವ ಮೊದಲೇ ಕೈಗವಸು ತೊಟ್ಟು ಕೀಳಿಸಿ. ಜಾಲಿಯನ್ನು ಬರೀ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಬೇರುಸಮೇತ ತೆಗೆಸಿ. ಅಕ್ಟೋಬರಿನ ಹಿಂಗಾರು ಮಳೆಗೆ ಮುನ್ನ ಈ ಕೆಲಸ ಮುಗಿದರೆ ನೆರೆಮನೆಯವರಿಗೂ ನೆಮ್ಮದಿ.